ಲೆಫ್ಟಿ ಓಡೂಲ್ ಎಂಬ ಎಡಗೈ ಆಟಗಾರ

ಫ್ರಾನ್ಸಿಸ್ ಜೋಸೆಫ್ ಓಡೂಲ್ ಹುಟ್ಟಿದ್ದು 1897ರ ಮಾರ್ಚ್ 4ರಂದು, ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ನಗರವೆಂದರೆ ಬಂಗಲೆಗಳಿದ್ದ ಭಾಗವಲ್ಲ. ಇಡೀ ಊರಿಗೆ ಮಾಂಸ ಒದಗಿಸುವ ಕಸಾಯಿಖಾನೆಗಳು ಸಾಲಾಗಿದ್ದ, ಜನ ಕಟುಕರ ಕೇರಿ ಎಂದೇ ಕರೆಯುತ್ತಿದ್ದ ಮೂಲೆ ಅದು. ತಂದೆಯ ಕಸುಬೂ ಅದೇ. ಹುಡುಗನೂ ಹದಿನಾರರ ಸುಮಾರಿಗೆ ಶಾಲೆ ಬಿಟ್ಟು ಕಸಾಯಿಖಾನೆಯ ಕೆಲಸಕ್ಕೆ ಸೇರಿದ.

ಆದರೆ ಶಾಲೆ ಬಿಡುವ ಮೊದಲೇ ಅವನ ಮುಂದಿನ ಬದುಕಿನ ಬೀಜ ಬಿದ್ದಾಗಿತ್ತು. ಆ ಬಡಾವಣೆಯ ಬೇ ವ್ಯೂ ಶಾಲೆಯಲ್ಲಿ ರೋಸಿ ಸ್ಟೋಲ್ಟ್ಜ್ ಎಂಬ ಶಿಕ್ಷಕಿ ಇದ್ದರು. ಶಾಲೆಯ ಬೇಸ್‌ಬಾಲ್ ತಂಡವನ್ನು ನಡೆಸುತ್ತಿದ್ದವರು ಅವರೇ. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲು ಈ ಟೀಚರು ಗಂಡುಹುಡುಗರನ್ನು ಮೈದಾನದಲ್ಲಿ ನಿಲ್ಲಿಸಿ ಚೆಂಡು ಹೇಗೆ ಎಸೆಯಬೇಕು, ಹೇಗೆ ಹಿಡಿಯಬೇಕು, ಬ್ಯಾಟು ಹೇಗೆ ಬೀಸಬೇಕು ಎಂದು ಕಲಿಸುತ್ತಿದ್ದರು. ಓಡೂಲ್ ಮುಂದೆ ದೇಶಕ್ಕೆಲ್ಲ ಹೆಸರಾದ ಮೇಲೂ, ತನಗೆ ಆಟದ ಅಕ್ಷರಾಭ್ಯಾಸ ಮಾಡಿಸಿದ್ದು ಒಬ್ಬ ಶಾಲಾ ಶಿಕ್ಷಕಿ ಎಂಬುದನ್ನು ಹೇಳಿಕೊಳ್ಳುವುದರಲ್ಲಿ ಸಂಕೋಚಪಡಲಿಲ್ಲ. ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ದೂರದ ದೇಶದ, ನಾವು ಆಡದ ಆಟದ ಒಬ್ಬನ ಕಥೆ ಏಕೆಂದು ಕೇಳುವವರಿಗೆ ಇಷ್ಟು ಉತ್ತರ ಸಾಕೆಂದುಕೊಳ್ಳುತ್ತೇನೆ.

ಹುಡುಗ ಎಡಚ. ಬೇಸ್‌ಬಾಲಿನಲ್ಲಿ ಎಡಗೈಯವರಿಗೆ ಲೆಫ್ಟಿ ಎಂದು ಕರೆಯುವುದು ರೂಢಿ. ಆ ಹೆಸರೇ ಅವನಿಗೆ ಕೊನೆಯವರೆಗೂ ನಿಂತಿತು. ನಮ್ಮಲ್ಲಾದರೆ ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಕೈಗೆ ಪೆಟ್ಟು ಬೀಳುತ್ತಿದ್ದ ಕಾಲ ಅದು. ಈ ಆಟದಲ್ಲಿ ಮಾತ್ರ ಎಡಗೈಯವನಿಗೆ ಬೆಲೆ ಹೆಚ್ಚು.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ತಂಡಕ್ಕೆ ಒಂಬತ್ತು ಜನ. ಚೆಂಡು ಎಸೆಯುವವನು ಪಿಚರ್. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ, ಅದನ್ನು ದುಂಡಗಿನ ಬ್ಯಾಟಿನಿಂದ ಹೊಡೆದು, ಚೌಕಾಕಾರವಾಗಿ ಇಟ್ಟಿರುವ ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ಓಟ. ಬೇಸ್‌ಗಳಾಚೆಯ ವಿಶಾಲ ಹುಲ್ಲಿನಲ್ಲಿ ಮೂವರು ನಿಲ್ಲುತ್ತಾರೆ, ನಮ್ಮ ಬೌಂಡರಿ ಕಾಯುವವರ ಹಾಗೆ, ಅವರು ಔಟ್‌ಫೀಲ್ಡರ್‌ಗಳು. ಹತ್ತು ಸಲ ಬ್ಯಾಟು ಹಿಡಿದಾಗ ಮೂರು ಸಲ ಸರಿಯಾಗಿ ಹೊಡೆದು ಬೇಸ್ ತಲುಪಿದವನು ಒಳ್ಳೆಯ ಬ್ಯಾಟುಗಾರ ಎನಿಸಿಕೊಳ್ಳುತ್ತಾನೆ. ಅಂದರೆ ಏಳು ಸಲ ಸೋಲುವುದು ಈ ಆಟದಲ್ಲಿ ಮರ್ಯಾದೆಯ ವಿಷಯವೇ. ಇನ್ನು ಪಿಂಚ್ ಹಿಟರ್. ಈ ಮಾತನ್ನು 1990ರ ದಶಕದಲ್ಲಿ ಕ್ರಿಕೆಟ್ಟಿನವರು ಎರವಲು ಪಡೆದು, ಮೊದಲ ಓವರುಗಳಲ್ಲೇ ಬೀಸಿ ಹೊಡೆಯುವವನಿಗೆ ಅಂಟಿಸಿದರು. ಮೂಲದಲ್ಲಿ ಅರ್ಥ ಬೇರೆ. ಪಂದ್ಯ ಇಕ್ಕಟ್ಟಿನಲ್ಲಿದ್ದಾಗ ಒಬ್ಬ ಆಟಗಾರನನ್ನು ಹಿಂದಕ್ಕೆ ಕರೆದು, ಅವನ ಬದಲಿಗೆ ಬೆಂಚಿನ ಮೇಲೆ ಕುಳಿತವನನ್ನು ಬ್ಯಾಟು ಕೊಟ್ಟು ಕಳಿಸುತ್ತಾರೆ. ಹಿಂದಕ್ಕೆ ಬಂದವನು ಆ ಪಂದ್ಯಕ್ಕೆ ಮತ್ತೆ ಇಳಿಯುವಂತಿಲ್ಲ. ಹೊಸದಾಗಿ ಹೋದವನಿಗೆ ಮೈ ಬಿಸಿಯಾಗಿರುವುದಿಲ್ಲ, ಸಿಗುವುದೂ ಬಹುಮಟ್ಟಿಗೆ ಒಂದೇ ಅವಕಾಶ. ಗಂಟೆಗಟ್ಟಲೆ ಕಾದು ಕುಳಿತು ಎರಡು ನಿಮಿಷದಲ್ಲಿ ತೀರ್ಮಾನವಾಗುವ ಕೆಲಸ ಅದು.

ಓಡೂಲ್ ಮೊದಲು ಇದ್ಯಾವುದೂ ಆಗಿರಲಿಲ್ಲ, ಅವರು ಪಿಚರ್. 1917ರಲ್ಲಿ ಸ್ವಂತ ಊರಿನ ಸ್ಯಾನ್ ಫ್ರಾನ್ಸಿಸ್ಕೋ ಸೀಲ್ಸ್ ತಂಡ ಅವರನ್ನು ತೆಗೆದುಕೊಂಡಿತು. ಆಗ ದೇಶದ ಎರಡು ದೊಡ್ಡ ಲೀಗುಗಳ ತಂಡಗಳೆಲ್ಲ ಪೂರ್ವ ಮತ್ತು ನಡು ಭಾಗದಲ್ಲಿದ್ದವು. ಪಶ್ಚಿಮ ಕರಾವಳಿಯವರಿಗೆ ಅವರದೇ ಪೆಸಿಫಿಕ್ ಕೋಸ್ಟ್ ಲೀಗ್. ಅಲ್ಲಿಂದ 1919ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಕರೆ ಬಂತು. ಹೋದವರ ತೋಳಿಗೆ ಪೆಟ್ಟಾಯಿತು. ಪಿಚರ್‌ನ ತೋಳು ಕೆಟ್ಟರೆ ಎತ್ತಿನ ಹೆಗಲು ಕೆಟ್ಟ ಹಾಗೆಯೇ. ಎರಡು ವರ್ಷ ಬೆಂಚಿನ ಮೇಲೆ ಕುಳಿತು, ಆಗೊಮ್ಮೆ ಈಗೊಮ್ಮೆ ಯಾರದೋ ಬದಲಿಗೆ ಬ್ಯಾಟು ಹಿಡಿದು ಕಾಲ ಕಳೆದರು. 1921ರಲ್ಲಿ ಊರಿಗೆ ಮರಳಿ ಸೀಲ್ಸ್ ಪರವಾಗಿ 25 ಪಂದ್ಯ ಗೆದ್ದು ಮತ್ತೆ ನ್ಯೂಯಾರ್ಕಿಗೆ ಹೋದರು. ಮತ್ತೆ ಬೆಂಚು. ಅಲ್ಲಿಂದ ಬಾಸ್ಟನ್ ತಂಡಕ್ಕೆ ದಾಟಿಸಿದರು.

1923ರ ಜುಲೈ 7ರಂದು ಬಾಸ್ಟನ್ ತಂಡ ಕ್ಲೀವ್‌ಲ್ಯಾಂಡಿನಲ್ಲಿ 27–3ರಿಂದ ಸೋತಿತು. ಆರನೆಯ ಇನಿಂಗ್ಸ್ ಒಂದರಲ್ಲೇ ಎದುರಾಳಿಗಳು 13 ಓಟ ಗಳಿಸಿದರು. ಚೆಂಡು ಎಸೆಯುತ್ತಿದ್ದವರು ಓಡೂಲ್. ಬೇಸ್‌ಬಾಲಿನಲ್ಲಿ ಪಿಚರ್ ದಣಿದರೆ ಅಥವಾ ದಂಡಿಸಿಕೊಂಡರೆ ಮ್ಯಾನೇಜರು ಕೂಡಲೇ ಬದಲಾಯಿಸುತ್ತಾರೆ. ಅಂದು ಬದಲಾಯಿಸಲಿಲ್ಲ. ಶಿಕ್ಷೆಯೆಂದೇ ಹಾಗೆ ಬಿಟ್ಟರೆಂದು ಹೇಳುವವರಿದ್ದಾರೆ. ಸಾವಿರಾರು ಜನರೆದುರು ಒಬ್ಬನೇ ನಿಂತು ಹದಿಮೂರು ಓಟ ಕೊಡುವುದೆಂದರೆ, ಪರೀಕ್ಷೆಯಲ್ಲಿ ನಪಾಸಾದವನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದ ಹಾಗೆ. ಆ ಋತು ಮುಗಿದ ಮೇಲೆ ದೊಡ್ಡ ಲೀಗಿನಲ್ಲಿ ಅವರಿಗೆ ಜಾಗವಿರಲಿಲ್ಲ. ವಯಸ್ಸು ಇಪ್ಪತ್ತಾರು.

ಈ ಜೀವನದಲ್ಲಿ ನನಗೆ ಬಹಳ ಹಿಡಿಸುವ ಭಾಗ ಇದರ ನಂತರದ ನಾಲ್ಕು ವರ್ಷ. ಹೆಚ್ಚಿನ ಜೀವನ ಚಿತ್ರಗಳು ಅದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ತೋಳು ಹೋಯಿತು, ಆದರೆ ಕಣ್ಣು ಮತ್ತು ಕಾಲು ಇವೆಯಲ್ಲ ಎಂದುಕೊಂಡು ಅವರು ಪಿಚರ್ ಕೆಲಸವನ್ನೇ ಬಿಟ್ಟು ಔಟ್‌ಫೀಲ್ಡರ್ ಆಗಲು ಹೊರಟರು. ಇದು ಸಣ್ಣ ಬದಲಾವಣೆಯಲ್ಲ. ಬೌಲರ್ ಆಗಿದ್ದವನು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು ಬ್ಯಾಟಿಂಗ್ ಒಂದನ್ನೇ ನಂಬಿ ಹೊಟ್ಟೆ ಹೊರೆಯುತ್ತೇನೆ ಎಂದಂತೆ. 1924ರಲ್ಲಿ ಸಾಲ್ಟ್ ಲೇಕ್ ಸಿಟಿಯ ತಂಡಕ್ಕೆ ಇಳಿದು ಬಂದು, ಅಲ್ಲಿ ದಿನವೂ ಆಡುವ ಅವಕಾಶ ಪಡೆದು, ಆ ವರ್ಷವೇ ಸಾವಿರಕ್ಕೆ 392ರ ಸರಾಸರಿಯಲ್ಲಿ ಹೊಡೆದರು. ಆಮೇಲೆ ಹಾಲಿವುಡ್ ತಂಡ, 1927ರಲ್ಲಿ ಮತ್ತೆ ಸೀಲ್ಸ್. ಆ ವರ್ಷ ಪೆಸಿಫಿಕ್ ಲೀಗಿನ ಅತ್ಯಂತ ಬೆಲೆಬಾಳುವ ಆಟಗಾರ ಎಂಬ ಗೌರವವೂ ಬಂತು. 1928ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ಕರೆಯಿತು. ಹೊಸಬರೆಲ್ಲ ಇಪ್ಪತ್ತು, ಇಪ್ಪತ್ತೊಂದರ ಹುಡುಗರು, ಇವರಿಗೆ ಮೂವತ್ತೊಂದು.

ಮೊದಲ ವರ್ಷ ಚೆನ್ನಾಗಿಯೇ ಆಡಿದರೂ ಜಯಂಟ್ಸ್ ಅವರನ್ನು ಉಳಿಸಿಕೊಳ್ಳಲಿಲ್ಲ. ಫ್ರೆಡ್ ಲೀಚ್ ಎಂಬ ಇನ್ನೊಬ್ಬ ಆಟಗಾರ ಬೇಕಾಗಿದ್ದ. ಅವನಿಗೆ ಬದಲಾಗಿ ಓಡೂಲ್ ಜೊತೆಗೆ ಕೈಯಿಂದ ಹಣವನ್ನೂ ಸೇರಿಸಿ ಫಿಲಡೆಲ್ಫಿಯಾ ಫಿಲೀಸ್ ತಂಡಕ್ಕೆ ಕೊಟ್ಟುಬಿಟ್ಟರು. ಫಿಲೀಸ್ ಎಂದರೆ ಆಗ ಬಡ ತಂಡ, ಸೋಲಿಗೆ ಒಗ್ಗಿಹೋದದ್ದು. ಅಲ್ಲಿ 1929ರಲ್ಲಿ ಓಡೂಲ್ ಆಡಿದ ಆಟದ ಅಂಕಿಗಳನ್ನು ಹಾಗೆಯೇ ಬರೆಯುತ್ತೇನೆ. 154 ಪಂದ್ಯ, 638 ಸಲ ಬ್ಯಾಟಿಂಗ್, 254 ಹಿಟ್, 32 ಹೋಮ್ ರನ್. ಸರಾಸರಿ ಸಾವಿರಕ್ಕೆ 398. ಇಡೀ ವರ್ಷದಲ್ಲಿ ಚೆಂಡು ತಾಗಿಸಲಾಗದೆ ಔಟಾದದ್ದು ಕೇವಲ 19 ಸಲ. ಇನ್ನೊಂದೇ ಒಂದು ಹಿಟ್ ಬಿದ್ದಿದ್ದರೆ ಸರಾಸರಿ 400 ಎಂದು ಬರೆಯುತ್ತಿದ್ದರು. ಬೇಸ್‌ಬಾಲಿನಲ್ಲಿ 400 ಎಂಬುದು ನಮ್ಮ ಟೆಸ್ಟ್ ಕ್ರಿಕೆಟ್ಟಿನ ತ್ರಿಶತಕಕ್ಕಿಂತಲೂ ಅಪರೂಪದ ಮಾತು. 254 ಹಿಟ್ಟುಗಳು ನ್ಯಾಷನಲ್ ಲೀಗಿನ ದಾಖಲೆಯಾದವು. ಮರುವರ್ಷ ಬಿಲ್ ಟೆರಿ ಅದನ್ನು ಸರಿಗಟ್ಟಿದರು, ಮೀರಿಸಲಿಲ್ಲ. ವರ್ಷದ ಕೊನೆಗೆ ಒಂದೇ ದಿನ ಎರಡು ಪಂದ್ಯಗಳಲ್ಲಿ ಆರು ಹಿಟ್ ಹೊಡೆದು ಆ ದಾಖಲೆಗೆ ಮುಟ್ಟಿದ್ದು ಯಾರ ಮೇಲೆಂದರೆ, ಹಣ ಸೇರಿಸಿ ಕೊಟ್ಟು ಕಳಿಸಿದ್ದ ಅದೇ ಜಯಂಟ್ಸ್ ಮೇಲೆ.

ಎರಡೂ ಕಡೆಯ ಮಾತು ಹೇಳಬೇಕಲ್ಲ. ಫಿಲಡೆಲ್ಫಿಯಾದ ಆ ಮೈದಾನದಲ್ಲಿ ಬಲಗಡೆಯ ಗೋಡೆ ಬರಿಯ 280 ಅಡಿ ದೂರದಲ್ಲಿತ್ತು, ಎಡಗೈ ಬ್ಯಾಟುಗಾರನಿಗೆ ಅದು ಹಬ್ಬ. ಔಟ್‌ಫೀಲ್ಡಿನಲ್ಲಿ ಓಡೂಲ್ ಅಂಥ ಹೇಳಿಕೊಳ್ಳುವ ಆಟಗಾರರೂ ಅಲ್ಲ. ಕೆಟ್ಟ ತೋಳಿನಿಂದ ದೂರಕ್ಕೆ ಎಸೆಯಲು ಆಗುತ್ತಿರಲಿಲ್ಲ, ಅದರ ಬಗ್ಗೆ ಪತ್ರಿಕೆಯವರು ತಮಾಷೆ ಮಾಡುತ್ತಿದ್ದರು. ಆದರೆ 1932ರಲ್ಲಿ ಬ್ರೂಕ್ಲಿನ್ ತಂಡದಲ್ಲಿ, ಬೇರೆ ಮೈದಾನದಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ 368ರ ಸರಾಸರಿಯೊಂದಿಗೆ ಮತ್ತೆ ಲೀಗಿಗೇ ಮೊದಲಿಗರಾದಾಗ ಗೋಡೆಯ ಮಾತು ನಿಂತಿತು.

1933ರ ನಡುವಿನಲ್ಲಿ ಬ್ರೂಕ್ಲಿನ್‌ನಿಂದ ಮತ್ತೆ ಜಯಂಟ್ಸ್‌ಗೆ ಬಂದರು. ಈಗ ದಿನವೂ ಆಡುವ ವಯಸ್ಸಲ್ಲ. ಪಿಂಚ್ ಹಿಟರ್ ಕೆಲಸವೂ ಇತ್ತು. ಆ ಶರತ್ಕಾಲದಲ್ಲಿ ಜಯಂಟ್ಸ್ ತಂಡ ವಾಷಿಂಗ್ಟನ್ ವಿರುದ್ಧ ವರ್ಲ್ಡ್ ಸೀರೀಸ್ ಆಡಿತು. ಎರಡನೆಯ ಪಂದ್ಯದ ಆರನೆಯ ಇನಿಂಗ್ಸಿನವರೆಗೂ ವಾಷಿಂಗ್ಟನ್ 1–0ರಿಂದ ಮುಂದಿತ್ತು. ಜಯಂಟ್ಸ್‌ನ ಓಟಗಾರರು ಮೂರೂ ಬೇಸ್‌ಗಳಲ್ಲಿ ನಿಂತಿದ್ದಾರೆ, ಎಸೆಯುತ್ತಿರುವವರು ಆಲ್ವಿನ್ ಕ್ರೌಡರ್. ಆಗ ಮ್ಯಾನೇಜರು ಬೆಂಚಿನ ಕಡೆ ತಿರುಗಿ ಓಡೂಲರನ್ನು ಕಳಿಸಿದರು. ಅವರು ಹೊಡೆದ ಚೆಂಡಿಗೆ ಇಬ್ಬರು ಓಡಿ ಬಂದರು. ಪಂದ್ಯ ತಿರುಗಿತು, ಆ ಇನಿಂಗ್ಸಿನಲ್ಲೇ ಆರು ಓಟ ಬಂದು 6–1ರಿಂದ ಗೆದ್ದರು, ಮುಂದೆ ಸರಣಿಯನ್ನೂ ಗೆದ್ದರು. ಇಡೀ ಜೀವನದಲ್ಲಿ ವರ್ಲ್ಡ್ ಸೀರೀಸಿನಲ್ಲಿ ಓಡೂಲ್ ಬ್ಯಾಟು ಹಿಡಿದದ್ದು ಆ ಒಂದೇ ಸಲ. 1934ರಲ್ಲಿ ದೊಡ್ಡ ಲೀಗಿಗೆ ವಿದಾಯ ಹೇಳಿದಾಗ ಅವರ ಒಟ್ಟು ಸರಾಸರಿ 349. ಬೇಸ್‌ಬಾಲ್ ಇತಿಹಾಸದಲ್ಲಿ ಅಷ್ಟು ಎತ್ತರಕ್ಕೆ ಏರಿದವರು ಬೆರಳೆಣಿಕೆಯ ಜನ.

ಇಷ್ಟೇ ಆಗಿದ್ದರೆ ಅವರು ಅಂಕಿಗಳ ಪುಸ್ತಕದಲ್ಲಿ ಉಳಿಯುತ್ತಿದ್ದರು. ಅವರ ಹೆಸರು ಉಳಿದದ್ದು ಕಲಿಸುವ ಹುಚ್ಚಿನಿಂದ.

1931ರಲ್ಲಿ ಅಮೆರಿಕದ ಆಟಗಾರರ ತಂಡವೊಂದು ಜಪಾನಿಗೆ ಹೋಗಿತ್ತು. ಅದರಲ್ಲಿ ಓಡೂಲ್ ಕೂಡ ಇದ್ದರು. ಜಪಾನಿನ ವಿದ್ಯಾರ್ಥಿಗಳು ಆ ಹೊತ್ತಿಗಾಗಲೇ ಎರಡು ತಲೆಮಾರಿನಿಂದ ಬೇಸ್‌ಬಾಲ್ ಆಡುತ್ತಿದ್ದರು, ಆದರೆ ಸಂಬಳಕ್ಕೆ ಆಡುವ ಲೀಗ್ ಇರಲಿಲ್ಲ. ಆ ಹುಡುಗರ ಶ್ರದ್ಧೆ ಓಡೂಲರನ್ನು ಸೆಳೆಯಿತು. ಮರುವರ್ಷ, ತಾವು ಲೀಗಿನ ಮೊದಲ ಬ್ಯಾಟುಗಾರರಾದ ಅದೇ ವರ್ಷ, ಇನ್ನಿಬ್ಬರೊಂದಿಗೆ ಮತ್ತೆ ಹೋಗಿ ಟೋಕಿಯೋದ ವಿಶ್ವವಿದ್ಯಾಲಯಗಳ ಹುಡುಗರಿಗೆ ಪಾಠ ಹೇಳಿದರು. (ಆ ಇಬ್ಬರಲ್ಲಿ ಒಬ್ಬರಾದ ಮೋ ಬರ್ಗ್ 1934ರಲ್ಲಿ ಟೋಕಿಯೋದ ಆಸ್ಪತ್ರೆಯೊಂದರ ತಾರಸಿ ಏರಿ ನಗರದ ಚಲನಚಿತ್ರ ತೆಗೆದರು, ಯುದ್ಧಕಾಲದಲ್ಲಿ ಗೂಢಚಾರರಾದರು. ಅದು ಬೇರೆಯೇ ಕಥೆ.) 1934ರಲ್ಲಿ ಯೋಮಿಯುರಿ ಪತ್ರಿಕೆಯ ಒಡೆಯ ಮತ್ಸುತಾರೋ ಶೋರಿಕಿ ಅವರು ಬೇಬ್ ರೂತ್ ಅವರನ್ನೇ ಜಪಾನಿಗೆ ಕರೆಸಿದರು. ಆ ಪ್ರವಾಸ ಕೂಡಿಬರುವಲ್ಲಿ ಓಡೂಲ್ ಮತ್ತು ಅವರ ಜಪಾನಿ ಗೆಳೆಯ ಸೋತಾರೋ ಸುಜುಕಿ ಇಬ್ಬರ ಓಡಾಟವಿತ್ತು. ಟೋಕಿಯೋದ ಗಿಂಜಾ ಬೀದಿಯಲ್ಲಿ ಲಕ್ಷಾಂತರ ಜನ ನೆರೆದರು. ಶಿಜುವೋಕಾ ಊರಿನ ಪಂದ್ಯದಲ್ಲಿ ಹದಿನೇಳು ವರ್ಷದ ಎಯಿಜಿ ಸವಾಮುರಾ ಎಂಬ ಹುಡುಗ ಬೇಬ್ ರೂತ್ ಸೇರಿದಂತೆ ನಾಲ್ವರು ಅಮೆರಿಕನ್ ದಿಗ್ಗಜರನ್ನು ಸಾಲಾಗಿ ಚೆಂಡು ಮುಟ್ಟಗೊಡದೆ ಔಟು ಮಾಡಿದ. ಪಂದ್ಯವನ್ನು ಜಪಾನ್ 1–0ರಿಂದ ಸೋತರೂ ಊರೂರಲ್ಲಿ ಅವನದೇ ಮಾತಾಯಿತು.

ಆ ವರ್ಷದ ಕೊನೆಗೆ ಜಪಾನಿನಲ್ಲಿ ವೃತ್ತಿಪರ ತಂಡವೊಂದು ಹುಟ್ಟಿತು. ಅದರ ಜಪಾನಿ ಹೆಸರು ಮಾರುದ್ದ ಇತ್ತು. 1935ರಲ್ಲಿ ತಂಡ ಅಮೆರಿಕ ಪ್ರವಾಸಕ್ಕೆ ಬಂದಾಗ, ಇಲ್ಲಿಯ ಜನರ ನಾಲಿಗೆಗೆ ಇದು ಹೊರಳುವುದಿಲ್ಲ, ಸುಲಭವಾದ ಹೆಸರಿಡಿ ಎಂದು ತಮ್ಮ ಹಳೆಯ ತಂಡದ ಹೆಸರನ್ನೇ ಸೂಚಿಸಿದವರು ಓಡೂಲ್. ಹಾಗೆ ಅದು ಟೋಕಿಯೋ ಜಯಂಟ್ಸ್ ಆಯಿತು. ಇಂದಿಗೂ ಜಪಾನಿನ ಅತ್ಯಂತ ಜನಪ್ರಿಯ ತಂಡಗಳಲ್ಲಿ ಅದೂ ಒಂದು. ಆದರೆ ಕಾಲ ಕೆಡುತ್ತಿತ್ತು. 1935ರ ಫೆಬ್ರುವರಿಯಲ್ಲಿ ಶೋರಿಕಿಯವರ ಮೇಲೆ ಉಗ್ರ ರಾಷ್ಟ್ರವಾದಿಯೊಬ್ಬ ಕತ್ತಿಯಿಂದ ಹಲ್ಲೆ ಮಾಡಿದ. ಅವರು ಹೇಗೋ ಬದುಕಿಕೊಂಡರು.

ಅದೇ ವರ್ಷ ಓಡೂಲ್ ತಮ್ಮೂರಿನ ಸೀಲ್ಸ್ ತಂಡಕ್ಕೆ ಮ್ಯಾನೇಜರಾದರು. 1951ರವರೆಗೆ, ಹದಿನೇಳು ಋತುಗಳ ಕಾಲ ಆ ಕೆಲಸ. ಮೊದಲ ವರ್ಷ ಅವರ ಕೈಕೆಳಗೆ ಜೋ ಡಿಮಾಜಿಯೋ ಎಂಬ ಮೀನುಗಾರನ ಮಗ ಆಡಿದ, ಮರುವರ್ಷ ಯಾಂಕೀಸ್ ಸೇರಿ ಅಮೆರಿಕದ ಮನೆಮಾತಾದ. ಡಿಮಾಜಿಯೋಗೆ ಕಲಿಸಿದವರು ನೀವಲ್ಲವೇ ಎಂದು ಕೇಳಿದವರಿಗೆಲ್ಲ, ಅವನನ್ನು ಕೆಡಿಸದೆ ಬಿಟ್ಟದ್ದೇ ತಾನು ಮಾಡಿದ ಕೆಲಸ ಎಂಬರ್ಥದ ಉತ್ತರ ಸಿಗುತ್ತಿತ್ತು. ಜೋನ ತಮ್ಮ ಡಾಮಿನಿಕ್ ವಿಷಯ ಬೇರೆ. ಕನ್ನಡಕದ ಸಣಕಲ ಹುಡುಗ, ಅಣ್ಣನ ಹೆಸರಿನಿಂದ ಜಾಗ ಗಿಟ್ಟಿಸಿದ್ದಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಓಡೂಲ್ ಅವನ ಬ್ಯಾಟಿಂಗನ್ನು ತಾಳ್ಮೆಯಿಂದ ತಿದ್ದಿದರು. 1939ರಲ್ಲಿ ಅವನ ಸರಾಸರಿ 361ಕ್ಕೆ ಏರಿತು, ಮರುವರ್ಷ ಬಾಸ್ಟನ್ ತಂಡದಲ್ಲಿ ಜಾಗ ಸಿಕ್ಕಿತು. ಚೆಂಡಿನ ಮೇಲೆ ಮುನ್ನುಗ್ಗಿ ಬೀಳುವ ಹುಡುಗರ ಸೊಂಟಕ್ಕೆ ಹಗ್ಗ ಕಟ್ಟಿ, ಅವರು ಮುಗ್ಗರಿಸಿದಾಗ ಹಿಂದಿನಿಂದ ಎಳೆಯುವ ಒಂದು ಉಪಾಯವೂ ಅವರಲ್ಲಿತ್ತು. ನಮ್ಮ ದೈಹಿಕ ಶಿಕ್ಷಕರಿಗೆ ಇದು ಉಪಯೋಗವಾದೀತು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಹತ್ತು ವರ್ಷ ಆ ದೇಶವನ್ನು ಸ್ನೇಹಿತರ ಮನೆಯೆಂದುಕೊಂಡಿದ್ದ ಓಡೂಲರಿಗೆ ಇದು ನುಂಗಲಾರದ ನೋವಾಯಿತು. ಯುದ್ಧ ಮುಂದುವರಿದಂತೆ ಜಪಾನಿನಲ್ಲಿ ಆಟದ ಇಂಗ್ಲಿಷ್ ಪದಗಳನ್ನೆಲ್ಲ ಬಿಟ್ಟು ಜಪಾನಿ ಪದಗಳನ್ನು ತಂದರು. ಕೊನೆಗೆ ಆಟವೇ ನಿಂತಿತು. ಆಟಗಾರರು ರಣರಂಗಕ್ಕೆ ಹೋದರು. ಬೇಬ್ ರೂತ್‌ಗೆ ಚೆಂಡು ಮುಟ್ಟಗೊಡದಿದ್ದ ಸವಾಮುರಾ 1944ರ ಡಿಸೆಂಬರಿನಲ್ಲಿ ಹಡಗು ಮುಳುಗಿ ಸತ್ತ. ವಯಸ್ಸು ಇಪ್ಪತ್ತೇಳು. ಓಡೂಲ್ ಪಿಚಿಂಗ್ ಬಿಟ್ಟು ಬ್ಯಾಟು ಹಿಡಿದು ಎರಡನೆಯ ಬದುಕು ಆರಂಭಿಸಿದ್ದು ಅದೇ ವಯಸ್ಸಿನಲ್ಲಿ.

ಯುದ್ಧ ಮುಗಿದ ಮೇಲೆ ಓಡೂಲ್ ಮತ್ತೆ ಜಪಾನಿಗೆ ಹೋದರು. ಹಿಂದೆಲ್ಲ ಅವರನ್ನು ಕಂಡರೆ ಬಾನ್‌ಜಾಯ್ ಎಂದು ಜಯಕಾರ ಹಾಕುತ್ತಿದ್ದ ಜನ ಈಗ ಸುಮ್ಮನೆ ನಿಂತು ನೋಡಿದರು. ಸೋತ ದೇಶ, ಸುಟ್ಟ ಊರುಗಳು, ಅರೆಹೊಟ್ಟೆ. ಎದುರಿಗೆ ನಿಂತವನು ಗೆದ್ದ ದೇಶದವನು. ಅಲ್ಲಿಂದ ಹಿಂತಿರುಗಿ ತನ್ನ ಪಾಡಿಗೆ ಇರಬಹುದಿತ್ತು. ಅವರು 1949ರ ಅಕ್ಟೋಬರಿನಲ್ಲಿ ಇಡೀ ಸೀಲ್ಸ್ ತಂಡವನ್ನೇ ಕರೆದುಕೊಂಡು ಹೋದರು. ಯುದ್ಧದ ನಂತರ ಅಲ್ಲಿಗೆ ಹೋದ ಮೊದಲ ಅಮೆರಿಕನ್ ವೃತ್ತಿಪರ ತಂಡ ಅದು. ಆಗ ಜಪಾನಿನ ಆಡಳಿತ ನಡೆಸುತ್ತಿದ್ದವರು ಜನರಲ್ ಡಗ್ಲಾಸ್ ಮ್ಯಾಕ್‌ಆರ್ಥರ್. ಅವರ ಒಪ್ಪಿಗೆ ಇತ್ತು. ಗಿಂಜಾ ಬೀದಿಯಲ್ಲಿ ಹದಿನೈದು ವರ್ಷದ ಹಿಂದಿನ ಹಾಗೆಯೇ ಜನ ತುಂಬಿದರು, ಮೈದಾನಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಲ್ಸ್ ತಂಡದವರು ಊರಿಗೆ ಹೊರಡುವ ಹೊತ್ತಿಗೆ ಬಾನ್‌ಜಾಯ್ ಕೂಗು ಮರಳಿ ಬಂದಿತ್ತು. ಚಕ್ರವರ್ತಿ ಹಿರೋಹಿತೋ ಅವರು ಓಡೂಲರನ್ನು ಅರಮನೆಗೆ ಕರೆಸಿ ಕೃತಜ್ಞತೆ ತಿಳಿಸಿದರು. ಕಟುಕರ ಕೇರಿಯಿಂದ ಆ ಅರಮನೆಯವರೆಗಿನ ದಾರಿಯನ್ನು ನಾನು ಆಗಾಗ ನೆನೆಯುವುದುಂಟು.

ಒಂದೆರಡು ಪಂದ್ಯಗಳಿಂದ ಯುದ್ಧದ ಗಾಯ ಮಾಯಿತು ಎಂದರೆ ಅತಿಯಾದೀತು. ಗೆದ್ದವರೂ ಸೋತವರೂ ಒಂದು ಮಧ್ಯಾಹ್ನ ಒಂದೇ ಚೆಂಡಿನ ಮೇಲೆ ಕಣ್ಣಿಟ್ಟು ಕುಳಿತರು, ಅಷ್ಟು ನಿಜ. ಓಡೂಲ್ ಅಲ್ಲಿಗೆ ನಿಲ್ಲಿಸಲಿಲ್ಲ. 1951ರಲ್ಲಿ ಡಿಮಾಜಿಯೋ ಇದ್ದ ತಂಡವನ್ನು ಕರೆದೊಯ್ದರು. ಆ ಪ್ರವಾಸವೇ ಡಿಮಾಜಿಯೋ ಅವರ ಕೊನೆಯ ಆಟ. ಅದೇ ವರ್ಷ ಹವಾಯಿಯಲ್ಲಿ ಹುಟ್ಟಿದ ಜಪಾನಿ ಮೂಲದ ವಾಲಿ ಯೊನಾಮಿನೆ ಎಂಬ ತರುಣನನ್ನು ಟೋಕಿಯೋ ಜಯಂಟ್ಸ್‌ಗೆ ಹೋಗಲು ಹುರಿದುಂಬಿಸಿದರು. ಯೊನಾಮಿನೆ ಅಲ್ಲಿ ಮುಂದೆ ದೊಡ್ಡ ಹೆಸರಾದರು.

ಸೀಲ್ಸ್ ಬಿಟ್ಟ ಮೇಲೆ ಸ್ಯಾನ್ ಡಿಯೇಗೋ, ಓಕ್ಲೆಂಡ್, ವ್ಯಾಂಕೂವರ್, ಸಿಯಾಟಲ್ ತಂಡಗಳನ್ನು ನಡೆಸಿದರು. ವ್ಯಾಂಕೂವರಿನಲ್ಲಿದ್ದಾಗ, 1956ರಲ್ಲಿ, ಒಂದು ದಿನ ತಾವೇ ಪಿಂಚ್ ಹಿಟರ್ ಆಗಿ ಮೈದಾನಕ್ಕೆ ಇಳಿದರು. ಚೆಂಡನ್ನು ದೂರಕ್ಕೆ ಅಟ್ಟಿ ಮೂರನೆಯ ಬೇಸಿನವರೆಗೂ ಓಡಿದರು. ಆಗ ಅವರಿಗೆ 59 ವರ್ಷ. ನಮ್ಮಲ್ಲಿ ಸರ್ಕಾರಿ ನೌಕರರು ನಿವೃತ್ತಿಯ ಕಾಗದಪತ್ರ ಜೋಡಿಸಿಕೊಳ್ಳುವ ವಯಸ್ಸು. 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಿಯರಿ ಬೀದಿಯಲ್ಲಿ ತಮ್ಮ ಹೆಸರಿನ ಹೋಟೆಲು ತೆರೆದರು. ಹಸಿರು ಸೂಟು ಅವರ ಗುರುತು. ಊರಿನ ಆಟೋಟದ ಮಂದಿಗೆಲ್ಲ ಆ ಹೋಟೆಲು ಅಡ್ಡೆಯಾಯಿತು.

ಅವರು ತೀರಿಕೊಂಡದ್ದು 1969ರ ಡಿಸೆಂಬರ್ 7ರಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ಪರ್ಲ್ ಹಾರ್ಬರಿನ ತಾರೀಕು ಅದೇ. ಇದಕ್ಕೆ ಅರ್ಥ ಹುಡುಕುವುದು ಬೇಡ.

ಅಮೆರಿಕದ ಬೇಸ್‌ಬಾಲ್ ಕೀರ್ತಿಭವನ ಓಡೂಲರನ್ನು ಸೇರಿಸಿಕೊಂಡಿಲ್ಲ. ದೊಡ್ಡ ಲೀಗಿನಲ್ಲಿ ಬ್ಯಾಟುಗಾರರಾಗಿ ಆಡಿದ ವರ್ಷಗಳು ಕಡಿಮೆ ಎಂಬುದು ಕಾರಣ. ಲೆಕ್ಕ ತಪ್ಪಿಲ್ಲ, ಬರೇ ಏಳು ವರ್ಷ. ಆದರೆ ಎಸೆಯುವ ತೋಳು ಕೆಟ್ಟು ಹೋದ ವರ್ಷಗಳನ್ನೂ ಹೊಸದಾಗಿ ಕಲಿತ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯದೆ, ಕಲಿಸಿದ ಮೂವತ್ತು ವರ್ಷಗಳನ್ನೂ ಹಿಡಿಯದೆ ಇರುವುದು ನನಗೆ ಸರಿಕಾಣುವುದಿಲ್ಲ. ಜಪಾನಿನ ಕೀರ್ತಿಭವನ 2002ರಲ್ಲಿ ಅವರ ಹೆಸರನ್ನು ಸೇರಿಸಿತು. ಅದಾದ ಎರಡು ವರ್ಷಕ್ಕೆ, 2004ರಲ್ಲಿ, ಜಪಾನಿನಿಂದ ಅಮೆರಿಕಕ್ಕೆ ಬಂದಿದ್ದ ಇಚಿರೋ ಸುಜುಕಿ ಒಂದೇ ಋತುವಿನಲ್ಲಿ 262 ಹಿಟ್ ಹೊಡೆದು ದೊಡ್ಡ ಲೀಗುಗಳ ಸಾರ್ವಕಾಲಿಕ ದಾಖಲೆ ಮಾಡಿದರು. ಆತನೂ ಔಟ್‌ಫೀಲ್ಡರ್, ಬ್ಯಾಟು ಹಿಡಿಯುವುದು ಎಡಗೈಯಲ್ಲಿ. ಪಟ್ಟಿಯಲ್ಲಿ ಆತನ ಕೆಳಗೆ ಜಾರ್ಜ್ ಸಿಸ್ಲರ್ 257, ಅವರ ಕೆಳಗೆ ಟೆರಿ ಮತ್ತು ಓಡೂಲ್, 254.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈಗಿನ ಜಯಂಟ್ಸ್ ಮೈದಾನದ ಪಕ್ಕದಲ್ಲಿ ಹಳೆಯ ಕಬ್ಬಿಣದ ಸೇತುವೆಯೊಂದಿದೆ. ಹಡಗು ಬಂದಾಗ ಮೇಲಕ್ಕೆ ಎತ್ತುವಂಥದ್ದು. ಅದಕ್ಕೆ ಲೆಫ್ಟಿ ಓಡೂಲ್ ಸೇತುವೆ ಎಂದು ಹೆಸರು. ಪಂದ್ಯದ ದಿನಗಳಲ್ಲಿ ಜನ ಅದರ ಮೇಲೆಯೇ ನಡೆದು ಬರುತ್ತಾರೆ.